ನಿಂತ ಕಾರಿನ ಶೃಂಗಾರ

ಮುಂಬಯಿಯಲ್ಲಿ ರಸ್ತೆ ಸರಿಪಡಿಸುವ ಅಧಿಕಾರ ಜನರಿಗಿಲ್ಲ. ಹಾಗಾಗಿ ಅವರು ಕಾರು ಕೆಡಿಸುತ್ತಾರೆ.

ಕುರ್ಲಾದ ಸಿಎಸ್‌ಟಿ ರೋಡಿಗೋ ಒಪೇರಾ ಹೌಸಿಗೋ ಒಮ್ಮೆ ಹೋಗಿ ಬನ್ನಿ. ಸೀಟ್‌ಕವರು, ಹಾರನ್ನು, ಅಲಾಯ್ ವೀಲುಗಳ ಜಾತ್ರೆ. ಅಲ್ಲಿ ಕಣ್ಣು ತುಂಬಿಕೊಂಡವನು ಮರುದಿನ ತನ್ನ ಉಪನಗರದ ಯಾವುದೋ ಗಲ್ಲಿಯ ಗ್ಯಾರೇಜಿಗೆ ಬಂದು, ಗಾಡಿ ಸ್ವಲ್ಪ ಕೆಳಗೆ ಕೂರಬೇಕು ಎನ್ನುತ್ತಾನೆ. ‘ಎಷ್ಟು, ಸೇಠ್?’ ‘ನೋಡಿದವರಿಗೆ ಗೊತ್ತಾಗಬೇಕು, ಅಷ್ಟು.’ ಅಳತೆ ಮುಗಿಯಿತು. ಕಾರು ಜ್ಯಾಕಿನ ಮೇಲೇರುತ್ತದೆ, ಸ್ಪ್ರಿಂಗು ಹೊರಗೆ ಬರುತ್ತದೆ, ಗ್ರೈಂಡರು ಒಂದು ಸುತ್ತನ್ನು ಕತ್ತರಿಸಿ ಎಸೆಯುತ್ತದೆ. ಕಂಪನಿಯವರು ವರ್ಷಗಟ್ಟಲೆ ಓಡಿಸಿ, ಅಳೆದು, ನಿಗದಿ ಮಾಡಿದ್ದಕ್ಕೆ ಚಹಾ ಆರುವುದರೊಳಗೆ ತಿದ್ದುಪಡಿ.

ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಆರು ಸುತ್ತಿನಲ್ಲಿ ಒಂದು ಹೋದರೆ ಗಡಸುತನ ಶೇ 20 ಏರಿತು. ಈ ಸುದ್ದಿಯನ್ನು ಪಕ್ಕದ ಶಾಕ್ ಅಬ್ಸಾರ್ಬರಿಗೆ ಯಾರೂ ತಿಳಿಸುವುದಿಲ್ಲ. ಅದು ಹಳೆಯ ಸ್ಪ್ರಿಂಗಿನ ಲೆಕ್ಕದಲ್ಲೇ ದುಡಿಯುತ್ತಿರುತ್ತದೆ. ಒಂದು ಗುಂಡಿಯ ಕುಣಿತ ನಿಲ್ಲಿಸುವ ಮೊದಲೇ ಇನ್ನೊಂದು ಗುಂಡಿ ಬಂದಿರುತ್ತದೆ. ಚಕ್ರಕ್ಕೆ ಮೇಲೇಳಲು ಇದ್ದ ಜಾಗವೂ ಖರ್ಚಾಗಿದೆ. ತಿರುವಿನ ನಡುವೆ ರಸ್ತೆ ತುಸು ಎಗರಿಸಿತೋ, ಸಸ್ಪೆನ್ಷನ್ ಹೋಗಿ ಕೊನೆಯ ರಬ್ಬರಿಗೆ ಬಡಿಯುತ್ತದೆ. ಆ ಗಳಿಗೆಗೆ ಕಾರಿಗೆ ಸ್ಪ್ರಿಂಗೇ ಇಲ್ಲ. ಟೈರು ಹಿಡಿತ ಬಿಟ್ಟು ಜಾರುತ್ತದೆ. ಮಾಲೀಕ ಮಾತ್ರ ‘ಗಾಡಿ ಈಗ ರೋಡಿಗೆ ಕಚ್ಚಿಕೊಂಡಿದೆ’ ಎಂದು ಸಾರುತ್ತಾ ತಿರುಗುತ್ತಾನೆ. ಬೆನ್ನುಮೂಳೆಗೆ ಬೀಳುವ ಪೆಟ್ಟನ್ನೇ ಅವನು ರೋಡ್ ಗ್ರಿಪ್ ಎಂದು ನಂಬಿದ್ದಾನೆ.

ಕೆಳಗಿಳಿಸಿದರೆ ಕಾರು ವಾಲುವುದಿಲ್ಲ ಎಂಬುದು ಇನ್ನೊಂದು ಭಕ್ತಿ. ನಮ್ಮ ಬಹುಪಾಲು ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದನ್ನು ಒಂದಿಂಚು ಇಳಿಸಿದರೆ ತೂಕದ ಕೇಂದ್ರ ಒಂದಿಂಚು ಇಳಿಯುತ್ತದೆ, ಸರಿ. ಆದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು ಇನ್ನೂ ಕೆಳಗೆ ಕುಸಿಯುತ್ತದೆ. ನಡುವಿನ ಅಂತರ ಬೆಳೆದು, ಕಾರನ್ನು ವಾಲಿಸುವ ಸನ್ನೆಗೋಲೇ ಉದ್ದವಾಗುತ್ತದೆ. ಸ್ಟಿಯರಿಂಗಿನ ಟೈ ರಾಡ್ ಕೂಡ ತನ್ನ ಕೋನ ಕಳೆದುಕೊಂಡು, ಉಬ್ಬು ಸಿಕ್ಕಾಗಲೆಲ್ಲ ಚಕ್ರ ತಾನಾಗಿಯೇ ಅತ್ತಿತ್ತ ತಿರುಗುತ್ತದೆ. ಚಾಲಕನಿಗೆ ತಾನು ಓಡಿಸುತ್ತಿರುವ ಭ್ರಮೆ.

ಇದೆಲ್ಲ ಓಡುವ ಕಾರಿನ ಮಾತು ತಾನೆ? ಸಂಜೆ ಏಳಕ್ಕೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಅಂಧೇರಿಯಿಂದ ಬೊರಿವಲಿಗೆ ಹೊರಟವನಿಗೆ ಹ್ಯಾಂಡ್ಲಿಂಗಿನ ಚಿಂತೆ ಯಾಕೆ? ನಿಂತಿರುವುದಕ್ಕೆ ಯಾವ ಸ್ಪ್ರಿಂಗಾದರೂ ಸಾಕು. ಚಕ್ರಗಳನ್ನು ಮೇಲ್ಭಾಗದಲ್ಲಿ ಒಳಕ್ಕೆ ವಾಲಿಸಿ, ಟೈರಿನ ಒಳಅಂಚು ಮಾತ್ರ ನೆಲಕ್ಕೆ ತಾಗುವಂತೆ ಮಾಡಿಕೊಂಡವರೂ ಇದ್ದಾರೆ. ಫೋಟೊದಲ್ಲಿ ಚೆನ್ನಾಗಿ ಬರುತ್ತದಂತೆ. ಬರಲಿ. ತೊಂದರೆ ಶುರುವಾಗುವುದು ರಾತ್ರಿ ಎರಡಕ್ಕೆ, 2024ರ ಮಾರ್ಚ್‌ನಲ್ಲಿ ತೆರೆದ ಕೋಸ್ಟಲ್ ರೋಡಿನಲ್ಲಿ ಈ ಮೂರ್ತಿಗಳು ಪ್ರಾಣ ಬಂದು ಓಡತೊಡಗಿದಾಗ. ಅದೂ ಮಳೆಗಾಲದಲ್ಲಿ, ಬೆರಳಗಲದ ರಬ್ಬರಿನ ಮೇಲೆ ಬ್ರೇಕು ಒತ್ತಿಕೊಂಡು.

ಏರಿಸುವವರ ಪಂಗಡ ಬೇರೆಯೇ ಇದೆ. ಥಾರ್ ಕೊಂಡು, ಲಿಫ್ಟ್ ಕಿಟ್ ಹಾಕಿಸಿ, ಟ್ರಾಕ್ಟರಿಗೆ ಅಸೂಯೆಯಾಗುವಂಥ ಟೈರು ತೊಡಿಸಿ, ಪೊವೈಯ ಮಾಲಿನ ಪಾರ್ಕಿಂಗ್ ರ್‍ಯಾಂಪು ಹತ್ತುವವರು. ತೂಕದ ಕೇಂದ್ರ ಮೇಲೆ ಹೋಯಿತು, ಡ್ರೈವ್ ಶಾಫ್ಟು ಓರೆಯಾಯಿತು, ಜಾರದಂತೆ ಕಾಯುವ ಕಂಪ್ಯೂಟರು ಮಾತ್ರ ಕಂಪನಿಯ ಎತ್ತರವನ್ನೇ ನೆಚ್ಚಿ ಕೂತಿದೆ. ಇಂಜಿನ್ನಿಗೆ ಎತ್ತರದಿಂದ ಗಾಳಿ ಕೊಡುವ ಅವರ ಸ್ನಾರ್ಕೆಲ್ ಒಂದನ್ನು ಮಾತ್ರ ನಾನು ಆಡಿಕೊಳ್ಳುವುದಿಲ್ಲ. ಜುಲೈಯಲ್ಲಿ ಮಳೆನೀರು ತುಂಬಿದ ಹಿಂದ್‌ಮಾತಾ ನೋಡಿದವರು ಅದನ್ನು ಷೋಕಿ ಎನ್ನಲಾರರು.

ಕಾರಣ ಇಟ್ಟುಕೊಂಡು ಸಸ್ಪೆನ್ಷನ್ ಮುಟ್ಟುವವನು ಟ್ಯಾಕ್ಸಿಯವನೊಬ್ಬನೇ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರು, ಅದರ ಪಕ್ಕ ಏರ್‌ಪೋರ್ಟಿಗೆ ಹೊರಟವರ ಮೂರು ಪೆಟ್ಟಿಗೆ. ಹಿಂಭಾಗ ಕುಸಿಯದಿರಲೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ಬಫರು ತುರುಕುತ್ತಾನೆ. ರಬ್ಬರು ಕೂತ ಸುತ್ತು ಕೆಲಸ ನಿಲ್ಲಿಸಿ, ಅದರ ಪಾಲಿನ ಕೆಲಸ ಉಳಿದವುಗಳ ತಲೆಗೆ ಬೀಳುತ್ತದೆ. ಒಂದು ದಿನ ಸ್ಪ್ರಿಂಗೇ ಮುರಿದರೂ ಆಶ್ಚರ್ಯವಿಲ್ಲ. ಅವನಿಗೂ ಗೊತ್ತು. ಆದರೆ ಅದರ ಮೇಲೆ ಸ್ಟಿಕ್ಕರು ಅಂಟಿಸಿ ಸ್ಪೋರ್ಟ್ಸ್ ಕಿಟ್ ಎಂದು ಅವನು ಹೇಳಿಕೊಳ್ಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ತಿದ್ದುಪಡಿ ಕಾಯ್ದೆಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ಪೊಲೀಸರ ಕಣ್ಣಿಗೆ ಬೀಳುವುದು ಕಪ್ಪು ಗಾಜು, ಕಿವಿಗೆ ಬೀಳುವುದು ಸೈಲೆನ್ಸರು. ಕತ್ತರಿಸಿದ ಸ್ಪ್ರಿಂಗು ನೋಡಬೇಕಾದರೆ ಬಗ್ಗಬೇಕು. ಮೂಲ ವಿವರಕ್ಕೆ ವಿರುದ್ಧವಾಗಿ ರಸ್ತೆಯನ್ನೇ ಮಾರ್ಪಡಿಸಿದವರಿಗೂ ಆ ಕಾಯ್ದೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ; ಆದರೆ ಅದಕ್ಕೆ ಮೊದಲು ಯಾರಾದರೂ ಸಾಯಬೇಕು, ಇಲ್ಲವೇ ಅಂಗವಿಕಲರಾಗಬೇಕು.

ಪೊಲೀಸರು ಬಗ್ಗಿ ನೋಡದಿದ್ದರೂ ಹಂಪು ಬಿಡುವುದಿಲ್ಲ. ಇಲ್ಲಿಯ ಸಣ್ಣ ಕಾರಿನ ಹೊಟ್ಟೆ ನೆಲದಿಂದ 165–170 ಮಿ.ಮೀ. ಮೇಲಿರುತ್ತದೆ. ಎರಡೂವರೆ ಇಂಚು ಇಳಿಸಿದರೆ ಉಳಿಯುವುದು 100ರ ಆಸುಪಾಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತು ಮಾಡಿದ ಹಂಪಿನ ಎತ್ತರವೂ 100 ಮಿ.ಮೀ.! ಊರಿನ ಹಂಪುಗಳು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸನ್ನು ಕೇಳಿ ಹುಟ್ಟಿದವಲ್ಲ, ಅದು ಬೇರೆ ಮಾತು.

ಡೊಂಬಿವಲಿಯ ನಮ್ಮವನೊಬ್ಬ ಮೇ ರಜೆಯಲ್ಲಿ ಇಂಥದೊಂದು ಕಾರಿನಲ್ಲಿ ಮಾವನನ್ನು ಕೂರಿಸಿಕೊಂಡು ಉಡುಪಿ ಕಡೆ ಹೊರಡುತ್ತಾನೆ ಎಂದಿಟ್ಟುಕೊಳ್ಳಿ. ಊರು ಹತ್ತಿರವಾದಂತೆ ಹಂಪುಗಳ ಸಾಲು.

‘ಮಾವ, ಒಂಚೂರು ಇಳೀತೀರಾ? ಭಾರ ಇದ್ರೆ ಅಡಿ ತಾಗ್ತದೆ.’

ಮಾವ ಇಳಿದರು. ಕಾರು ಓರೆಯಾಗಿ, ತೆವಳಿ, ಕರಕರ ಅಂದು ದಾಟಿತು.

‘ಹೀಗೆ ಮಾಡಿಸ್ಲಿಕ್ಕೆ ಎಷ್ಟು ಕೊಟ್ಟೆ?’

‘ಎಂಬತ್ತು ಸಾವಿರ.’

‘ಮುಂದಿನ ಹಂಪು ಎಷ್ಟು ದೂರ?’

‘ಅರ್ಧ ಕಿಲೋಮೀಟರು ಇರಬಹುದು.’

‘ಹಾಗಾದ್ರೆ ನಾನಿನ್ನು ಹತ್ತುವುದಿಲ್ಲ ಮಾರಾಯ. ನೀನು ನಿಧಾನ ಬಾ. ನಾನು ನಡೆದು ಹೋಗಿ ಚಹಾಕ್ಕೆ ಹೇಳಿರ್ತೇನೆ.’