ಬದು ಒಂದು, ಗೆರೆ ಎರಡು

ಒಂದು ಬದುವಿಗಾಗಿ ಎರಡು ತಲೆಮಾರು ಕೋರ್ಟು ಅಲೆಯುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಈಗ ಈ ಸೌಲಭ್ಯ ಕಂಪ್ಯೂಟರಿಗೂ ಸಿಕ್ಕಿದೆ. ಸರ್ವೆ ನಂಬರ್ 42ರ ನಕ್ಷೆಯಲ್ಲಿ ಬದು ಇಲ್ಲಿ, 43ರ ನಕ್ಷೆಯಲ್ಲಿ ಅದೇ ಬದು ಅರ್ಧ ಮೀಟರ್ ಆಚೆ. ನಡುವೆ ಉಳಿದ ಸೀಳಿಗೆ ಪಹಣಿ ಇಲ್ಲ, ಕಂದಾಯ ಇಲ್ಲ. ಆದರೂ ಯಾರಾದರೂ ಅಲ್ಲೊಂದು ಲೇಔಟ್ ಮಾಡದೆ ಬಿಡಲಾರರು.

ಈ ರಗಳೆಗೆ ನಕ್ಷೆಗಳನ್ನು ಇಡುವ ಪೋಸ್ಟ್‌ಜಿಐಎಸ್ ಡೇಟಾಬೇಸಿನಲ್ಲೇ ಪರಿಹಾರವಿದೆ: ಟೋಪಾಲಜಿ. ಬದುವನ್ನು ಒಂದೇ ಸಲ ಬರೆದಿಟ್ಟು, ಅದರ ಎಡಕ್ಕೆ ಯಾವ ಹೊಲ, ಬಲಕ್ಕೆ ಯಾವುದು ಎಂದು ನಮೂದಿಸುವುದು. ಹೊಸದಾಗಿ ಸೇರುವ ಪ್ರತಿ ಗೆರೆಯೂ ಅಕ್ಕಪಕ್ಕದ ಗೆರೆಗಳನ್ನು ವಿಚಾರಿಸಬೇಕು. ದಾಟಿದಲ್ಲಿ ತುಂಡಾಗಬೇಕು, ಹೊಲ ಇಬ್ಭಾಗವಾದರೆ ಎರಡನ್ನೂ ದಾಖಲಿಸಬೇಕು. ನೆರೆಯವರನ್ನು ಕೇಳಿ ಮಾಡುವ ಕೆಲಸ ಯಾವ ಕಾಲದಲ್ಲಿ ಬೇಗ ಮುಗಿದಿದೆ?

ಒಂದು ಕಚೇರಿಯಲ್ಲಿ ತಾಲ್ಲೂಕಿನ ನಕ್ಷೆಯನ್ನು ಹೀಗೆ ಸೇರಿಸುವ ಕೆಲಸ ರಾತ್ರಿಯಿಡೀ ಓಡಿಯೂ ಮುಗಿಯಲಿಲ್ಲ. ಸಾಹೇಬರು 64 ಕೋರಿನ ಸರ್ವರ್ ತರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆಸಿದರು. ಹೊಲಗಳನ್ನು ಒಂದೊಂದಾಗಿ ಸೇರಿಸುವ ಆ ಕ್ವೆರಿ ಓಡುವುದು ಒಂದೇ ಕೋರಿನಲ್ಲಿ. ಉಳಿದ 63, ರಸ್ತೆಗುಂಡಿ ಮುಚ್ಚುವಲ್ಲಿ ಕೈಕಟ್ಟಿ ನಿಂತ ಮೇಸ್ತ್ರಿಗಳ ಹಾಗೆ ನೋಡುತ್ತ ನಿಂತವು.

“ಸಾರ್, ಮೊದಲು ಗೆರೆ ಎಲ್ಲಾ ಒಟ್ಟು ಮಾಡಿ, ಡಬಲ್ ಇರೋದು ತೆಗೆದು, ದಾಟೋ ಕಡೆ ಕತ್ತರಿಸಿಬಿಡೋಣ. ಆಮೇಲೆ ಹೊಲಗಳನ್ನ ಒಂದೇ ಸಲ ಕಟ್ಟಿಸಬಹುದು,” ಎಂದ ಗುತ್ತಿಗೆ ನೌಕರ.

“ಇದಕ್ಕೆ ಎಷ್ಟು ಖರ್ಚು?”

“ಏನಿಲ್ಲ ಸಾರ್.”

ಏನೂ ಖರ್ಚಿಲ್ಲದ ಕಡತ ಯಾವ ಮೇಜಿನಿಂದಲೂ ಮುಂದೆ ಹೋಗುವುದಿಲ್ಲ.

ಆಮೇಲೆ ಯಾರೋ ಟಾಲರೆನ್ಸ್, ಅಂದರೆ ಎಷ್ಟು ಹತ್ತಿರವಿದ್ದರೆ ಎರಡು ಚುಕ್ಕೆ ಒಂದೇ ಎಂದು ಎಣಿಸಬೇಕೆಂಬ ಅಂತರ, ಹೆಚ್ಚಿಸಲು ಸಲಹೆ ಕೊಟ್ಟರು. “ಒಂದು ಹಾಕ್ರಿ” ಎಂದರು ಸಾಹೇಬರು, ಒಂದು ಮೀಟರ್ ಎಂದುಕೊಂಡು. ನಕ್ಷೆ ಇದ್ದದ್ದು ಅಕ್ಷಾಂಶ, ರೇಖಾಂಶದಲ್ಲಿ. ಅಲ್ಲಿ ಒಂದು ಎಂದರೆ ಒಂದು ಡಿಗ್ರಿ, ಉತ್ತರ ದಕ್ಷಿಣವಾಗಿ ಸುಮಾರು 111 ಕಿಲೋಮೀಟರ್. ಆ ಅಳತೆಯಲ್ಲಿ ಬೆಂಗಳೂರೂ ತುಮಕೂರೂ ಒಂದೇ ಚುಕ್ಕೆ. ಮೆಟ್ರೋ ವಿಸ್ತರಣೆಯ ಖರ್ಚೇ ಉಳಿಯುತ್ತಿತ್ತು! ತಾಲ್ಲೂಕು ಮಾತ್ರ ಉಳಿಯಲಿಲ್ಲ.

ಇನ್ನು ನಕ್ಷೆಯ ರಫ್ತು. ಟೋಪೋಜೇಸನ್ ಎಂಬ ಕಡತ ಮಾದರಿಯಲ್ಲಿ ಎರಡು ಹೊಲಗಳ ನಡುವಿನ ಬದು ಒಂದೇ ಸಲ ಹೋಗುವುದರಿಂದ ಕಡತ ಹಗುರ. ಯಾವ ಗೆರೆಯನ್ನು ಆಗಲೇ ಬರೆದಾಗಿದೆ ಎಂದು ತಿಳಿಯಲು ಒಂದು ಪಟ್ಟಿ ಇಟ್ಟುಕೊಳ್ಳಬೇಕು. ಅದಕ್ಕೆ ಇಂಡೆಕ್ಸ್ ಇಲ್ಲದಿದ್ದರೆ ಪ್ರತಿ ಗೆರೆಗೂ ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ ಓದಬೇಕಾಗುತ್ತದೆ. ಇಂಡೆಕ್ಸ್ ಮಾಡಲು ಒಂದು ಸಾಲು ಸಾಕು. “ಅದನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸೋದು?” ಎಂದು ಲೆಕ್ಕಪತ್ರ ವಿಭಾಗ ಕೇಳಿತು.

ಕೊನೆಗೆ ಟೋಪಾಲಜಿಯನ್ನೇ ಕೈಬಿಟ್ಟರು. ನೆರೆಹೊರೆಯ ಪರಿವೆಯೇ ಇಲ್ಲದ ಶೇಪ್‌ಫೈಲ್‌ನಲ್ಲಿ ಒಂದೊಂದು ಹೊಲವನ್ನೂ ಬೇರೆಬೇರೆಯಾಗಿ ತುಂಬಿದರು. ಕೆಲಸ ಊಟದ ಹೊತ್ತಿಗೆ ಮುಗಿಯಿತು. ವರದಿಯಲ್ಲಿ ಇದಕ್ಕೆ “ಪ್ರಕ್ರಿಯೆ ಸರಳೀಕರಣ” ಎಂಬ ಹೆಸರು ಬಿತ್ತು, ಸಾಹೇಬರಿಗೆ ಶಾಲು ಬಿತ್ತು. ಸರ್ವರಿನ ವಾರ್ಷಿಕ ನಿರ್ವಹಣೆಗೆ ಟೆಂಡರ್ ಕರೆದಿದ್ದಾರೆ; ಆಸಕ್ತರು ಇಎಂಡಿ ಕಟ್ಟಬಹುದು.