ಅವರೆಬಳ್ಳಿಯ ಪರವಾಗಿ ಜಿಂಕೆಯವರಲ್ಲಿ ಒಂದು ಬಿನ್ನಹ

ನ್ಯೂಜೆರ್ಸಿಯ ಓಕ್ ಕಾಡಿನಂಚಿನಲ್ಲಿ ವಾಸವಾಗಿರುವ ಮಾನ್ಯ ಬಿಳಿಬಾಲದ ಜಿಂಕೆಯವರ ಸನ್ನಿಧಿಗೆ, ಹಿತ್ತಲಲ್ಲಿ ಅವರೆ ಬೆಳೆಯುವವಳ ನಮಸ್ಕಾರಗಳು.

ತಾವು ನಮ್ಮ ಹಿತ್ತಲಿಗೆ ದಯಮಾಡಿಸುವುದು ನಮ್ಮ ಭಾಗ್ಯ. ನಸುಕಿನಲ್ಲಿ ಮರಿಗಳೊಡನೆ ನಿಂತ ತಮ್ಮನ್ನು ಕಂಡರೆ ಮನಸ್ಸು ತುಂಬುತ್ತದೆ, ಇದು ಮುಖಸ್ತುತಿಯಲ್ಲ. ತಾವು ಹೊರಟ ಮೇಲೆ ಚಪ್ಪರ ನೋಡಿದರೆ ಹೊಟ್ಟೆ ಉರಿಯುತ್ತದೆ, ಅದೂ ಸುಳ್ಳಲ್ಲ. ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲದ ತಾವು ಕುಡಿಯನ್ನು ಕತ್ತರಿಸುವುದಿಲ್ಲ, ಹರಿದು ಎಳೆಯುತ್ತೀರಿ. ಮೊಲ ಕಚ್ಚಿದ ಕಾಂಡ ಕತ್ತಿಯಿಂದ ಕೊಯ್ದಂತೆ ಓರೆಯಾಗಿರುತ್ತದೆ. ಸಿಗಿದ ತುದಿ ಕಂಡೊಡನೆ ಬಂದಿದ್ದವರು ತಾವೇ ಎಂದು ತಿಳಿಯುತ್ತದೆ.

ಈ ಬಳ್ಳಿಯ ಕಷ್ಟವನ್ನು ತಾವು ಕೇಳಬೇಕು. ಊರಿನ ಹಳೆಯ ಅವರೆ ಹಗಲು ಕುಗ್ಗಿದರೇ ಹೂ ಬಿಡುವ ಜಾತಿ. ಹಳೇ ಮೈಸೂರು ಸೀಮೆಯಲ್ಲಿ ಅದು ಚಳಿಗಾಲಕ್ಕೆ ಕಾಯಿ ಕೊಡುವುದು ಅದಕ್ಕೇ. ಇಲ್ಲಿ ಜೂನ್ ತಿಂಗಳ ಹಗಲು 15 ಗಂಟೆ. ಮೇ ಕೊನೆಗೆ ಬಿತ್ತಿದ ಬಳ್ಳಿ ಆಗಸ್ಟ್ ಮುಗಿಯುವವರೆಗೆ ಬರೀ ಎಲೆಯಾಗಿ ಹಬ್ಬುತ್ತದೆ, ಸೆಪ್ಟೆಂಬರಿನಲ್ಲಿ ಹೂ ತೋರುತ್ತದೆ, ಅಕ್ಟೋಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿ ಕರಟಿಹೋಗುತ್ತದೆ. ನಡುವೆ ಸಿಗುವುದು ಕೆಲವೇ ವಾರ. ಆಗಸ್ಟಿನಲ್ಲಿ ತಾವು ಒಂದು ರಾತ್ರಿ ಆರೋಗಣೆ ಮಾಡಿದರೆ ಮತ್ತೆ ಚಿಗುರಿ ಕಾಯಿ ಕಟ್ಟಲು ಅದಕ್ಕೆ ಕಾಲವೇ ಉಳಿಯುವುದಿಲ್ಲ. ತಮಗೆ ಒಂದು ಹೊತ್ತಿನ ಮೇವು, ನಮಗೆ ಇಡೀ ವರ್ಷದ ಹಿತಕಿದ ಬೇಳೆ ಸಾರು. ಅಂಗಡಿಯ ಫ್ರೀಜರಿನ ಕಾಳಿನಲ್ಲಿ ಆ ಸೊಗಡಿಲ್ಲ.

ನಮ್ಮ ಬೇಲಿಯನ್ನು ತಾವು ಅವಮಾನವೆಂದು ಎಣಿಸಲಿಲ್ಲ, ಕೃತಜ್ಞತೆಗಳು. ತಮ್ಮನ್ನು ತಡೆಯಲು 8 ಅಡಿ ಬೇಕು, ಬಡಾವಣೆಯ ಸಂಘ 6 ಅಡಿಗೆ ಮೇಲೆ ಒಪ್ಪುವುದಿಲ್ಲ. ಕೊಳೆತ ಮೊಟ್ಟೆ ನಾತದ ದ್ರಾವಣಕ್ಕೆ ತಾವು ಮರ್ಯಾದೆ ಕೊಡುವುದು ಮುಂದಿನ ಮಳೆಯವರೆಗೆ. ಬೆಳ್ಳುಳ್ಳಿ, ಪುದೀನ ಉಳಿಸಿಕೊಟ್ಟಿದ್ದೀರಿ, ದೊಡ್ಡ ಮನಸ್ಸು.

ತಮ್ಮ ಮೇಲೆ ದ್ವೇಷವಿಲ್ಲ. 1900ರ ಸುಮಾರಿಗೆ ಮನುಷ್ಯರ ಬೇಟೆಗೆ ಸಿಕ್ಕಿ ಈ ರಾಜ್ಯದಲ್ಲಿ ತಮ್ಮ ಸಂತತಿಯೇ ಅಳಿಯುವುದರಲ್ಲಿತ್ತು. ರಕ್ಷಣೆ ಸಿಕ್ಕಿ ತಾವು ಚೇತರಿಸಿಕೊಳ್ಳುವ ಹೊತ್ತಿಗೆ ತೋಳಗಳನ್ನೂ ಪೂಮಾಗಳನ್ನೂ ಇಲ್ಲಿಂದ ಇಲ್ಲವಾಗಿಸಿಯಾಗಿತ್ತು. ಕಾಡು ಕಡಿದು ಹುಲ್ಲುಹಾಸು, ಹೂಗಿಡ ಬೆಳೆಸಿ ತಮಗೆ ಎಲೆ ಹಾಕಿದವರೂ ಮನುಷ್ಯರೇ. ಆದರೆ ಓಕ್ ಸಸಿಗಳು ಮಾಡಿದ ತಪ್ಪೇನು? ತಾವು ಗುಂಪು ಗುಂಪಾಗಿ ಮೇಯುವಲ್ಲಿ ಅವು ಮರವಾಗುವುದೇ ಕಷ್ಟವಾಗಿದೆ. ತಾವು ಬಾಯಿ ಹಾಕದ ಜಪಾನೀ ಬಾರ್ಬೆರಿ ಮುಳ್ಳುಪೊದೆ ಕಾಡಿನ ನೆಲ ತುಂಬುತ್ತಿದೆ. ನನ್ನ ಚಪ್ಪರದ ನಷ್ಟಕ್ಕಿಂತ ಇದು ದೊಡ್ಡದು.

ಬೇಡುವುದಿಷ್ಟೇ. ಹೋಸ್ಟ ಗಿಡಗಳು ತಮ್ಮವು, ಬೇಲಿ ಪಕ್ಕದ ಬೀನ್ಸ್ ಸಾಲೂ ತಮ್ಮದೇ. ಬೀಜಕ್ಕೆಂದು ಬಿಟ್ಟ ಒಂದು ಅವರೆಬಳ್ಳಿಯನ್ನು ಅಕ್ಟೋಬರಿನವರೆಗೆ ಮುಟ್ಟಬೇಡಿ. ಊರಿಂದ ಬಿತ್ತನೆ ಬೀಜ ತರಬೇಕೆಂದರೆ ವಿಮಾನ ನಿಲ್ದಾಣದಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಇದ್ದ ಬೀಜ ಹೋದರೆ ಮತ್ತೆ ಸಿಗುವುದು ಸುಲಭವಲ್ಲ.