ಫಸ್ಟ್ ಆಥರ್ ಸೋಲ್ಡ್ ಔಟ್

ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಮನುಷ್ಯ ಒಬ್ಬನೇ ಉಳಿದಿದ್ದಾನೆ. ಮ್ಯಾನೇಜ್‌ಮೆಂಟ್ ಸೀಟಿಗೆ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ, ಕಾಲೇಜಿನವರು ಶುಲ್ಕದ ಸರ್ಕಾರಿ ಆದೇಶ ಕೈಗಿತ್ತು, ಮಿಕ್ಕದ್ದಕ್ಕೆ ಮೇಲಿನ ಮಹಡಿ ತೋರಿಸುತ್ತಾರೆ. ರಾತ್ರಿಪಾಳಿಯ ಡ್ಯೂಟಿ ಡಾಕ್ಟರಿಗೆ ಸಂಬಳವೆಷ್ಟು ಎಂದು ಕೇಳಿ, ನರ್ಸಿಂಗ್ ಹೋಮಿನವರು "ನೀವು ಮೊದಲು ಬನ್ನಿ ಡಾಕ್ಟ್ರೇ, ಕೂತು ಮಾತಾಡೋಣ" ಅನ್ನುತ್ತಾರೆ. ಸಂಶೋಧನಾ ಪ್ರಬಂಧದಲ್ಲಿ ಹೆಸರು ಮಾರುವವನು ಹಾಗಲ್ಲ. ಮೊದಲ ಲೇಖಕನಾಗಲು ಇಷ್ಟು ಸಾವಿರ, ಎರಡನೆಯವನಾಗಲು ಇಷ್ಟು, ಪಬ್‌ಮೆಡ್ ಎಂಬ ಪ್ರಬಂಧಪಟ್ಟಿಗೆ ಸೇರುವ ಗ್ಯಾರಂಟಿ, ಅರ್ಧ ಈಗ, ಅರ್ಧ ಅಕ್ಸೆಪ್ಟೆನ್ಸ್ ಬಂದ ಮೇಲೆ. ತಿರಸ್ಕೃತವಾದರೆ ಹಣ ವಾಪಸ್. ಆರೋಗ್ಯ ಕ್ಷೇತ್ರದಲ್ಲಿ ಹಣ ವಾಪಸ್ ಎಂಬ ಮಾತನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಇಂಥ ಸತ್ಯವಂತನನ್ನು ಪಿಜಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಿಂದ ಅಡ್ಮಿನ್ ಸಾಹೇಬರು ದಿನಾ ಬೆಳಗ್ಗೆ ಹೊರದಬ್ಬುತ್ತಾರೆ. ಸಂಜೆಗೆ ಅವನು ಬೇರೆ ನಂಬರಿನಿಂದ ಒಳಗೆ ಬಂದಿರುತ್ತಾನೆ. ಬಾಗಿಲು ತೆಗೆದವರು ಯಾರು ಎಂದು ಅಡ್ಮಿನ್ ಸಾಹೇಬರು ಕೇಳುವುದಿಲ್ಲ. ಒಳಗಿರುವವರಿಗೆ ಅವನ ಅಗತ್ಯವಿದೆ ಎನ್ನುವುದು ಅವರಿಗೂ ಗೊತ್ತು.

ಅವನ ದರಪಟ್ಟಿಯ ತರ್ಕ ತಿಳಿಯಲು ಎಂಡಿ ಓದಬೇಕಿಲ್ಲ, ಬೆಂಗಳೂರಿನಲ್ಲಿ ಒಂದು ಸೈಟು ಹುಡುಕಿದ್ದರೆ ಸಾಕು. ಮೊದಲ ಲೇಖಕನದು ಮೂಲೆ ಸೈಟು. ಲೇಔಟಿನ ಬೋರ್ಡು ನೆಡುವ ಮೊದಲೇ ಹೋಗಿರುತ್ತದೆ. ಎರಡನೆಯದು, ಮೂರನೆಯದು ಕೂಡ ಪರವಾಗಿಲ್ಲ. ನಾಲ್ಕನೆಯದರಿಂದ ಆಚೆಗಿನವೆಲ್ಲ ಬಿ ಖಾತಾ: ಹೆಸರೇನೋ ಇರುತ್ತದೆ, ಬ್ಯಾಂಕಿನವನು ಸಾಲ ಕೊಡುವುದಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಈ ಗೋಡೆ ಎಬ್ಬಿಸಿದವನು ಮಾರಾಟಗಾರನಲ್ಲ. ಮೆಡಿಕಲ್ ಕಾಲೇಜಿನ ಮೇಷ್ಟ್ರ ಬಡ್ತಿಗೆ ಬೇಕಾದ ಪ್ರಬಂಧಗಳಲ್ಲಿ ಅವರ ಹೆಸರು ಮೊದಲ ಮೂರರೊಳಗೆ ಇರಬೇಕು, ಇಲ್ಲವೇ ಅವರು ಜರ್ನಲ್ಲಿನೊಂದಿಗೆ ಪತ್ರವ್ಯವಹಾರ ನಡೆಸುವ ಕರೆಸ್ಪಾಂಡಿಂಗ್ ಆಥರ್ ಆಗಿರಬೇಕು ಎಂದು 2022ರ ನಿಯಮದಲ್ಲಿ ಬರೆದದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗ. ಮಾರಾಟಗಾರ ಆ ನಕ್ಷೆ ನೋಡಿಕೊಂಡು ಗೂಟ ಹೊಡೆದ, ಅಷ್ಟೇ.

ನಕ್ಷೆ ಬದಲಾದಾಗಲೆಲ್ಲ ಅವನು ಗೂಟ ಕಿತ್ತು ನೆಟ್ಟಿದ್ದಾನೆ. 2015ರಲ್ಲಿ ಆಗಿನ ಮೆಡಿಕಲ್ ಕೌನ್ಸಿಲ್ ಮೊದಲ ಇಬ್ಬರಿಗೆ ಮಾತ್ರ ಲೆಕ್ಕ ಅಂದಿತ್ತು. ಇ-ಜರ್ನಲ್‌ಗಳು ಲೆಕ್ಕಕ್ಕಿಲ್ಲ ಅಂತಲೂ ಅಂದಿತ್ತು. ಜಗತ್ತಿನ ಜರ್ನಲ್‌ಗಳೆಲ್ಲ ಕಾಗದ ಬಿಟ್ಟು ಇಂಟರ್‌ನೆಟ್ಟಿಗೆ ಹೊರಟಿದ್ದ ಕಾಲವದು. ದೆಹಲಿಯ ಆ ಕಚೇರಿಯ ಪ್ರಕಾರ ಸತ್ಯವು ಸ್ಟೇಪ್ಲರ್ ಪಿನ್ನಿನ ಮೂಲಕ ಮಾತ್ರ ಸ್ಥಿರವಾಗುತ್ತಿತ್ತು. ಸರಿ, ಹತ್ತು ಪ್ರತಿ ಅಚ್ಚು ಹಾಕಿಸಿ ಹೊಲಿದರಾಯಿತು, ಅದಕ್ಕೇನು ಬ್ರಹ್ಮವಿದ್ಯೆ ಬೇಕೇ? ಮುಂದೆ ನಿಯಮ ತಿದ್ದಿದರು, ಮತ್ತೆ ತಿದ್ದಿದರು. ಕೌನ್ಸಿಲ್ಲೇ ಹೋಗಿ 2020ರ ಸೆಪ್ಟೆಂಬರಿನಲ್ಲಿ ಆಯೋಗ ಬಂತು. ಇಷ್ಟೆಲ್ಲ ಪಲ್ಲಟಗಳ ನಡುವೆ ಒಂದು ದಿನವೂ ಬಾಗಿಲು ಹಾಕದೆ ಗ್ರಾಹಕರ ಸೇವೆ ನಡೆಸಿಕೊಂಡು ಬಂದ ಸಂಸ್ಥೆ ಅವನದೊಂದೇ.

ಇನ್ನು ಪಿಜಿ ಹುಡುಗ ಹುಡುಗಿಯರ ಪಾಡು. ಪರೀಕ್ಷೆಗೆ ಕೂರಬೇಕಾದರೆ ಒಂದು ಪೋಸ್ಟರ್ ಅಂಟಿಸಿರಬೇಕು, ಸಮ್ಮೇಳನದಲ್ಲಿ ಒಂದು ಪ್ರಬಂಧ ಓದಿರಬೇಕು, ಮತ್ತೊಂದು ಪ್ರಬಂಧ ಪ್ರಕಟವಾಗಿರಬೇಕು, ಇಲ್ಲವೇ ಸ್ವೀಕೃತವಾಗಿರಬೇಕು, ಇಲ್ಲವೇ ಪ್ರಕಟಣೆಗೆ ಕಳಿಸಿಯಾದರೂ ಇರಬೇಕು ಎಂಬ ನಿಯಮ ಬಹುಕಾಲ ಜಾರಿಯಲ್ಲಿತ್ತು. ಆ ಕೊನೆಯ ಷರತ್ತಿನ ಉದಾರತೆಗೆ ಕೈ ಮುಗಿಯಬೇಕು. ಈಮೇಲಿನ ಸೆಂಡ್ ಬಟನ್ ಒತ್ತಿದರೆ ವಿಜ್ಞಾನಕ್ಕೆ ನಿಮ್ಮ ಕಾಣಿಕೆ ಸಂದಂತೆ! ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿ, ವಾರ್ಡಿನ ಮೂಲೆಯ ಮುರಿದ ಮಂಚದ ಮೇಲೆ ಶೂ ಬಿಚ್ಚದೆ ಒರಗಿದ ಎರಡನೇ ವರ್ಷದ ಜನರಲ್ ಮೆಡಿಸಿನ್ ವಿದ್ಯಾರ್ಥಿನಿ ಆ ಹೊತ್ತಿನಲ್ಲಿ ಹೊಸ ಜ್ಞಾನ ಸೃಷ್ಟಿಸಬೇಕೆಂದು ಬಯಸಿದ ಮಹನೀಯರಿಗೆ, ಅವಳು ಊಟ ಮಾಡಿದಳೋ ಇಲ್ಲವೋ ಎಂಬ ಕುತೂಹಲ ಹುಟ್ಟಿದ ದಾಖಲೆ ಇಲ್ಲ. ಆ ಹೊತ್ತಿಗೆ ಸರಿಯಾಗಿ ಅವಳ ಮೊಬೈಲ್ ಟಿಣ್ ಅನ್ನುತ್ತದೆ. "ಮೇಡಂ, ಒಂದೇ ಸ್ಲಾಟ್ ಉಳಿದಿದೆ." ದಿನದಲ್ಲಿ ಅವಳಿಗೆ ಮೇಡಂ ಅಂದವನು ಅವನೊಬ್ಬನೇ.

ಅಮೆರಿಕಕ್ಕೆ ಹೊರಟವರ ಸಾಲು ಬೇರೆ. ಅಲ್ಲಿ ರೆಸಿಡೆನ್ಸಿ ಸೇರಬೇಕೆನ್ನುವವರು ಬರೆಯುವ ಪರೀಕ್ಷೆಯ ಮೊದಲ ಹಂತಕ್ಕೆ ಮೂರಂಕಿಯ ಸ್ಕೋರ್ ಇತ್ತು. 2022ರ ಜನವರಿ 26ರಿಂದ ಅದನ್ನು ಕಿತ್ತುಹಾಕಿ ಪಾಸು, ಫೇಲು ಎಂದಷ್ಟೇ ಹೇಳತೊಡಗಿದರು. ಅಂಕಗಳ ಹುಚ್ಚು ಇಳಿಯಲಿ ಎಂಬ ಸದುದ್ದೇಶ. ನಮ್ಮ ಗಣರಾಜ್ಯೋತ್ಸವದ ದಿನವೇ ನಮ್ಮ ಮಕ್ಕಳಿಗೆ ಈ ಸ್ವಾತಂತ್ರ್ಯ ಸಿಕ್ಕಿತು. ಆದರೆ ಸಾವಿರಾರು ಅರ್ಜಿಗಳ ರಾಶಿಯ ಮುಂದೆ ಕೂತ ಆಯ್ಕೆದಾರರಿಗೆ ಎಣಿಸಲು ಏನಾದರೊಂದು ಬೇಕಲ್ಲ, ಅವರು ಪ್ರಬಂಧಗಳನ್ನು ಎಣಿಸಿದರು. ಬಸವನಗುಡಿಯ ಮನೆಯಲ್ಲಿ ಕೂತ ಹುಡುಗ ಟೆಕ್ಸಾಸಿನ ರೋಗಿಗಳ ಬಗ್ಗೆ ಒಂದು, ಒಹಾಯೊದವರ ಬಗ್ಗೆ ಎರಡು ಪ್ರಬಂಧ ಬರೆಯತೊಡಗಿದ. ರೋಗಿಯ ಮುಖ ನೋಡುವ ತಾಪತ್ರಯವಿಲ್ಲ, ಸಾರ್ವಜನಿಕ ದತ್ತಾಂಶ ಇಳಿಸಿಕೊಂಡು ಒಂದು ಕಾಯಿಲೆ, ಒಂದು ಕಾರಣ ಜೋಡಿಸಿದರೆ ಸಾಕು. ಎನ್‌ಹೇನ್ಸ್ ಎಂಬ ಅಮೆರಿಕದ ಆರೋಗ್ಯ ಸಮೀಕ್ಷೆಯ ದತ್ತಾಂಶ ಹಿಡಿದು ಹೀಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ರಬಂಧಗಳನ್ನು ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದವರು ಎಣಿಸಿ 2025ರಲ್ಲಿ ಲೆಕ್ಕ ಕೊಟ್ಟರು: 2014ರಿಂದ 2021ರವರೆಗೆ ವರ್ಷಕ್ಕೆ ಸರಾಸರಿ 4 ಇದ್ದದ್ದು 2024ರಲ್ಲಿ ಅಕ್ಟೋಬರ್ ಎರಡನೇ ವಾರದ ಹೊತ್ತಿಗೇ 190 ಆಗಿತ್ತು. ಅಮೆರಿಕನ್ನರ ಕಾಯಿಲೆ ಹೆಚ್ಚಿದ್ದಲ್ಲ.

ಇದು ನಮ್ಮದೇ ಶೋಧನೆ ಎಂದು ಎದೆಯುಬ್ಬಿಸಲೂ ಆಗದು. ಚೀನಾದ ಹೆಸರು ಮಾರುವ ಸಂತೆಯನ್ನು ‘ಸೈನ್ಸ್’ ಪತ್ರಿಕೆ 2013ರಲ್ಲೇ ಬಯಲಿಗೆಳೆದಿತ್ತು. ರಷ್ಯಾದ ಒಂದು ಜಾಲತಾಣ ರಾಜಾರೋಷವಾಗಿ ಲೇಖಕರ ಜಾಗಗಳಿಗೆ ದರ ಹಾಕಿ ಕೂತಿದ್ದದ್ದು 2019ರಲ್ಲಿ ಸುದ್ದಿಯಾಯಿತು. 2023ರಲ್ಲಿ ಹಿಂಡಾವಿ ಎಂಬ ಪ್ರಕಾಶನ ಒಂದೇ ವರ್ಷ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಇದರಲ್ಲೂ ನಾವು ವಿಶ್ವಗುರು ಆಗಬೇಕಾದರೆ ಇನ್ನಷ್ಟು ಬೆವರು ಸುರಿಸಬೇಕು.

ಅಡ್ಮಿನ್ ಸಾಹೇಬರ ಸಂಕಟ ಸಂಶೋಧನೆಗೆ ಮುಗಿಯುವುದಿಲ್ಲ, ಗುಂಪಿನಲ್ಲಿ ನೌಕರಿ ಜಾಹೀರಾತುಗಳೂ ಇವೆ. "ಮನೆಯಂಥ ವಾತಾವರಣ" ಎಂದಿದ್ದರೆ ಅಲ್ಲಿ ವಾರದ ರಜೆ ಇರುವುದಿಲ್ಲ, ಮನೆಗೆಲ್ಲಿಯ ರಜೆ? ವಸತಿ ಉಚಿತ ಎಂದರೆ ಆಸ್ಪತ್ರೆಯ ಮೂರನೇ ಮಹಡಿ, ಅಂದರೆ ಇಪ್ಪತ್ತನಾಲ್ಕು ಗಂಟೆಯೂ ನೀವು ಕೈಗೆ ಸಿಗುತ್ತೀರಿ. ಇವನ್ನೆಲ್ಲ ಸಹಿಸಬಹುದು. ಸೊಗಸಾದದ್ದು ಇನ್ನೊಂದಿದೆ: "ಡಾಕ್ಟರ್ ಬೇಕಾಗಿದ್ದಾರೆ, ಬರಬೇಕಿಲ್ಲ." ಬೇಕಾದದ್ದು ಮನುಷ್ಯನಲ್ಲ, ಅವನ ಸರ್ಟಿಫಿಕೇಟು. ಮೆಡಿಕಲ್ ಕಾಲೇಜಿಗೆ ಇನ್‌ಸ್ಪೆಕ್ಷನ್ ಬಂದ ದಿನ ಕೋಟು ತೊಟ್ಟು ಕೂತು, ಊಟ ಮುಗಿಸಿ, ಕವರ್ ಇಸಿದುಕೊಂಡು ಬಸ್ ಹತ್ತುವ ಪ್ರಾಧ್ಯಾಪಕರ ಒಂದು ಪರಂಪರೆಯೇ ಈ ದೇಶದಲ್ಲಿ ಬೆಳೆದು ಬಂದಿದೆ. ಪಾಠ ಮಾಡದ ಮೇಷ್ಟ್ರು, ದಾಖಲಾಗದ ರೋಗಿಗಳು, ಬರೆಯದ ಲೇಖಕರು ಎಲ್ಲ ಒಂದೇ ಬಳಗ. ಇವರನ್ನು ಹಿಡಿಯಲೆಂದು ಆಯೋಗ 2025ರ ಮೇ 1ರಿಂದ ಮುಖ ತೋರಿಸಿ ಹಾಜರಿ ಹಾಕುವ ಪದ್ಧತಿ ತಂದಿತು, ಕಾರ್ಮಿಕ ದಿನಾಚರಣೆಯ ದಿವಸವೇ. ಎರಡು ತಿಂಗಳು ಕಳೆಯುವುದರೊಳಗೆ, ಇನ್‌ಸ್ಪೆಕ್ಷನ್ ಯಾವತ್ತು, ಬರುವವರು ಯಾರು ಎಂಬುದನ್ನು ಕಾಲೇಜುಗಳಿಗೆ ಮುಂಚಿತವಾಗಿ ಸೋರಿಸಿ ಲಂಚ ಪಡೆದ ಆರೋಪದ ಮೇಲೆ ಸಿಬಿಐ ಮೊಕದ್ದಮೆ ಹೂಡಿತು. ಅದರಲ್ಲಿ ಆರೋಗ್ಯ ಸಚಿವಾಲಯದವರ, ಇನ್‌ಸ್ಪೆಕ್ಟರುಗಳ ಹೆಸರೂ ಇತ್ತು. ಮುಖ ತೋರಿಸಬೇಕಾದವರು ಯಾರು ಎಂಬ ಬಗ್ಗೆ ಆಯೋಗಕ್ಕೆ ಸಣ್ಣ ಗೊಂದಲವಾಗಿತ್ತೇನೋ.

ಇದನ್ನೆಲ್ಲ ನೋಡಿ ರೋಸಿದ ಅಡ್ಮಿನ್ ಸಾಹೇಬರು ಗುಂಪಿಗೆ ಸಂವಿಧಾನ ಬರೆದರು. ನೌಕರಿ ಹಾಕುವವರು ಆಸ್ಪತ್ರೆಯ ಹೆಸರು, ಸಂಬಳ, ಡ್ಯೂಟಿ ಅವಧಿ ಮೂರನ್ನೂ ಬರೆಯಬೇಕು. ಸಂಶೋಧನೆಗೆ ಜನ ಕರೆಯುವವರು ಮುಖ್ಯ ಸಂಶೋಧಕರು ಯಾರು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯೇ, ಯಾರ ಹೆಸರು ಎಷ್ಟನೆಯದು, ಜರ್ನಲ್ಲಿಗೆ ಕಟ್ಟುವ ದುಡ್ಡು ಯಾರದು ಎಂದು ಹೇಳಬೇಕು. ಬಹಳ ಒಳ್ಳೆಯ ನಿಯಮಗಳು, ವ್ಯಂಗ್ಯವಲ್ಲ, ಇಷ್ಟನ್ನು ಆಯೋಗವೇ ಮಾಡಬೇಕಿತ್ತು. ಜಾರಿಯಾದ ವಾರ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರಲಿಲ್ಲ.

ಆಮೇಲೆ ಬಂದದ್ದು ಒಂದೇ, ಅದೂ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸಾಹೇಬರಿಂದ. "ಹಳೆಯ ಕೇಸ್ ಶೀಟುಗಳಿಂದ ಡೇಟಾ ತುಂಬಲು ನಾಲ್ವರು ಪಿಜಿಗಳು ಬೇಕು. ಹೆಸರು ಸೇರಿಸುವ ಬಗ್ಗೆ ಆಮೇಲೆ ನೋಡೋಣ." ಎಥಿಕ್ಸ್ ಕಮಿಟಿಯ ಮಾತಿಲ್ಲ, ಕ್ರಮಸಂಖ್ಯೆಯ ಮಾತಿಲ್ಲ. ಅಡ್ಮಿನ್ ಸಾಹೇಬರ ಹೆಬ್ಬೆರಳು ಡಿಲೀಟ್ ಗುಂಡಿಯ ಮೇಲೆ ಒಂದು ಕ್ಷಣ ಅಲ್ಲಾಡಿ, ಕೈ ಮುಗಿಯುವ ಚಿಹ್ನೆಯ ಮೇಲೆ ಇಳಿಯಿತು.

ತಪ್ಪೇನಿಲ್ಲ ಬಿಡಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕನಿಗೆ ನಾಲ್ಕು ಅರ್ಹತೆಗಳನ್ನು ಹೇಳಿದೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆದಿರಬೇಕು ಇಲ್ಲವೇ ತಿದ್ದಿರಬೇಕು, ಅಂತಿಮ ಪ್ರತಿ ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕು. ನಾಲ್ಕೂ ಬೇಕು. ಬರೀ ಮೇಲ್ವಿಚಾರಣೆ ಮಾಡಿದವರು ಲೇಖಕರಲ್ಲ ಎಂದೂ ಬಿಡಿಸಿ ಹೇಳಿದೆ. ನಮ್ಮಲ್ಲಿ ಆ ನಾಲ್ಕನ್ನೂ ಒಟ್ಟಿಗೆ ಪೂರೈಸುವ ಏಕೈಕ ಸಾಧನ ಕೋಣೆಯ ಬಾಗಿಲಿನ ಹಿತ್ತಾಳೆ ಫಲಕ. ಹಣ ಕೊಟ್ಟು ಹೆಸರು ಹಾಕಿಸಿಕೊಂಡವಳು ಕಳ್ಳಿ, ಕುರ್ಚಿ ಇದೆಯೆಂದು ಬಿಟ್ಟಿ ಹಾಕಿಸಿಕೊಂಡವರು ಗುರುಗಳು. ಮೊದಲನೆಯವಳನ್ನು ಗುಂಪಿನಿಂದ ತೆಗೆಯಲು ನಿಯಮವಿದೆ. ಎರಡನೆಯವರು ಸಮ್ಮೇಳನದಲ್ಲಿ ‘ಸಂಶೋಧನಾ ನೈತಿಕತೆ’ ಗೋಷ್ಠಿಯ ಅಧ್ಯಕ್ಷತೆ ವಹಿಸುತ್ತಾರೆ, ಅವರಿಗೆ ಮೈಸೂರು ಪೇಟ, ಶಾಲು, ಫಲತಾಂಬೂಲ.

ಹೊರದಬ್ಬಿಸಿಕೊಂಡ ಮಾರಾಟಗಾರ ಒಂದು ದಿನ ಅಡ್ಮಿನ್ ಸಾಹೇಬರಿಗೇ ಫೋನ್ ಮಾಡಿದನಂತೆ.

"ಸರ್, ನನ್ನ ಮೇಲೆ ಯಾಕೆ ಇಷ್ಟು ಕೋಪ? ನಾನು ಕಾಸು ತಗೊಂಡು ಕೆಲಸ ಆದ್ರೂ ಮಾಡ್ತೀನಿ."

"ಇದು ವಿಜ್ಞಾನಕ್ಕೆ ಮಾಡೋ ದ್ರೋಹ ಕಣಯ್ಯ."

"ಸರಿ ಸರ್. ನಿಮ್ಮ ಪ್ರೊಮೋಷನ್ ಫೈಲ್ ಯಾವಾಗ ಹೋಗುತ್ತೆ?"

ಈ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಮಾರ್ಚಿಗೆ," ಅಂದರು ಅಡ್ಮಿನ್ ಸಾಹೇಬರು, "ಒಂದು ಪೇಪರ್ ಕಮ್ಮಿ ಇದೆ."

ಅವರು ಅವನಿಂದ ಕೊಳ್ಳಲಿಲ್ಲ, ಅಷ್ಟು ಮಾನವಂತರು. ಸ್ವಂತ ಸಂಶೋಧನೆಯನ್ನೇ ಕೈಗೆತ್ತಿಕೊಂಡರು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಕೈಗೆ ಬೇರೇನೂ ಸಿಗದಿದ್ದಾಗ ಮಾಡುವ ಕೆಎಪಿ ಸ್ಟಡಿ ಎಂಬುದೊಂದಿದೆ: ಜನರಿಗೆ ವಿಷಯ ಎಷ್ಟು ಗೊತ್ತು, ಏನನ್ನಿಸುತ್ತದೆ, ಏನು ಮಾಡುತ್ತಾರೆ ಎಂದು ಗೂಗಲ್ ಫಾರ್ಮಿನಲ್ಲಿ ಕೇಳಿ, ಬಂದ ಉತ್ತರಗಳಿಗೆ ಪೈ ಚಾರ್ಟ್ ಬರೆಯುವುದು. ಶೀರ್ಷಿಕೆ, ‘ಸಂಶೋಧನಾ ಲೇಖಕತ್ವದ ಮಾರಾಟ ಕುರಿತು ಸ್ನಾತಕೋತ್ತರ ವಿದ್ಯಾರ್ಥಿಗಳ ಅರಿವು, ಧೋರಣೆ ಮತ್ತು ಆಚರಣೆ’. ಕೊಂಡಿಯನ್ನು ಅವರೇ ಗುಂಪಿಗೆ ಹಾಕಿ, ಎಲ್ಲರೂ ರಾತ್ರಿಯೊಳಗೆ ತುಂಬುವುದು ಕಡ್ಡಾಯ ಎಂದು ಮೇಲೆ ಪಿನ್ ಮಾಡಿದ್ದಾರೆ. ಸಂವಿಧಾನದಂತೆ ಲೇಖಕರ ಕ್ರಮವನ್ನೂ ಬರೆದಿದ್ದಾರೆ. ಮೊದಲ ಹೆಸರು ಎಚ್‌ಓಡಿ ಸಾಹೇಬರದು, ಎರಡನೆಯದು ಅವರದೇ. ಮೂರನೆಯದು ಖಾಲಿ ಇದೆ, ಅಂಕಿಅಂಶ ಮಾಡಿಕೊಡುವವರು ಖಾಸಗಿಯಾಗಿ ಮೆಸೇಜ್ ಮಾಡಬಹುದು.